ಮಾದೇವಿ ಕೋವಿ ತುಂಬಲು ಕಲಿತದ್ದು

ಅಪ್ಸರಕೊಂಡದ ಮೇಲಿನ ಗುಡ್ಡವನ್ನು ಆಚೆ ಬದಿಗೆ ಇಳಿದರೆ ಒಂದು ಕೊಪ್ಪ ಸಿಗುತ್ತದೆ. ಹದಿನಾಲ್ಕು ಹಾಲಕ್ಕಿ ಮನೆಗಳು. ಅವುಗಳಲ್ಲಿ ಹದಿಮೂರು ಮನೆಯವರು ಶೇಂಗಾ ಬಿತ್ತುವುದನ್ನು ಬಿಟ್ಟು ಕೂತಿದ್ದಾರೆ. ಬಿಡದವಳು ಮಾದೇವಿ ಒಬ್ಬಳೇ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಎಲ್ಲರೂ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಜಲಪಾತ ನೋಡಲು ಬಂದವರು ಅಲ್ಲಿನ ಮಂಗಗಳಿಗೆ ಚಿಪ್ಸು, ಬಿಸ್ಕಿಟು ತಿನ್ನಿಸಿ, ಫೋಟೋ ತೆಗೆಸಿಕೊಂಡು, ದೊಡ್ಡ ಪುಣ್ಯ ಕಟ್ಟಿಕೊಂಡವರಂತೆ ಕಾರು ಹತ್ತಿ ಹೋಗುತ್ತಾರೆ. ಮನುಷ್ಯನೆಂದರೆ ಊಟ ಕೊಡುವ ಜಾತಿ ಎಂದು ನಂಬಿದ ಆ ಮಂಗಗಳು ಉಳಿದ ಹೊತ್ತಿನಲ್ಲಿ ಗದ್ದೆಗೆ ಇಳಿಯುತ್ತವೆ. ಕೂಗಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಕಲ್ಲು ಬೀಸಿದರೆ ಆ ಕಲ್ಲನ್ನೇ ಎತ್ತಿ ಮೂಸಿ ನೋಡುತ್ತವೆ. ಅವು ಹೆದರುವುದು ಮಾದೇವಿಯ ಮಾವ ಶುಕ್ರ ಗೌಡರ ಕೇಪಿನ ಕೋವಿಯ ಸದ್ದಿಗೆ ಮಾತ್ರ.

ಬೆಳೆ ಕಾಯಲು ಸರ್ಕಾರ ಪರವಾನಗಿ ಕೊಟ್ಟ ಒಂಟಿ ನಳಿಗೆಯ ಕೋವಿ ಅದು. ತೋಟಾ ಹಾಕಿ ಕುದುರೆ ಎಳೆದರೆ ಆಯಿತು ಎನ್ನುವ ಈಗಿನ ಜಾತಿಯದಲ್ಲ. ಪ್ರತಿ ಈಡನ್ನೂ ಮನೆಯಲ್ಲೇ ಕೂತು ಕೈಯಾರೆ ತುಂಬಬೇಕು. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ಕತ್ತ ಎಂಬ ತೆಂಗಿನ ನಾರು ತುರುಕಬೇಕು, ಗಜ ಎಂಬ ಉದ್ದನೆಯ ಸರಳಿನಿಂದ ಅದನ್ನು ಕೆಳಗೆ ಒತ್ತಬೇಕು, ಕಟ್ಟಕಡೆಗೆ ಹಿಂದೆ ಮದ್ದಿಗೆ ಕಿಡಿ ಹಾರಿಸುವ ಕೇಪು ಕೂರಿಸಬೇಕು. ಶುಕ್ರ ಗೌಡರು ಅದಕ್ಕೆ ಗುಂಡು ಹಾಕಿದವರೇ ಅಲ್ಲ. ಮಂಗನನ್ನು ಕೊಂದು ನಮಗೆ ಆಗಬೇಕಾದ್ದೇನು, ಓಡಿದರೆ ಸಾಕು ಎಂಬುದು ಅವರ ಲೆಕ್ಕ. ಆ ಹುಸಿ ಈಡಿನ ಸದ್ದಿಗೇ ಮಂಗಗಳು ಮೂರು ದಿನ ಗುಡ್ಡ ಬಿಟ್ಟು ಇಳಿಯುತ್ತಿರಲಿಲ್ಲ. ಚುನಾವಣೆ ಬಂದಾಗ ಮಾತ್ರ ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಚುನಾವಣೆ ಯಾವಾಗ ಎಂಬುದು ಆ ಮಂಗಗಳಿಗೆ ಹೇಗೋ ಗೊತ್ತಾಗುತ್ತಿತ್ತು.

ಈ ಶುಕ್ರ ಗೌಡರಿಗೆ ಎಪ್ಪತ್ತೆರಡು ದಾಟಿದ ಮೇಲೆ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಸುರಿದ ಮದ್ದು ಅರ್ಧ ಅಂಗಳಕ್ಕೆ ಬೀಳತೊಡಗಿತು. ಮಗ, ಅಂದರೆ ಮಾದೇವಿಯ ಗಂಡ ಯೋಗೇಶನಿಗೆ ಭಟ್ಕಳ ಬಂದರಿನಲ್ಲಿ ಬೋಟುಗಳಿಗೆ ಐಸು ತುಂಬುವ ಕೆಲಸ. ಮನೆಗೆ ಬರುವುದು ಭಾನುವಾರ, ಅದೂ ಬಂದರೆ ಬಂದ. ಪರವಾನಗಿ ನವೀಕರಣಕ್ಕೆ ಕಚೇರಿಗೆ ಹೋದಾಗ ಅಲ್ಲಿಯವರು, ಅಜ್ಜ, ಇನ್ನು ನಿಮ್ಮ ಕೈಲಾಗುವುದಿಲ್ಲ, ಮನೆಯಲ್ಲಿ ಬೇರೆ ಯಾರಾದರೂ ಕಲಿತು ಅರ್ಜಿ ಹಾಕಲಿ, ಇಲ್ಲವಾದರೆ ಕೋವಿ ತಂದೊಪ್ಪಿಸಿ ಎಂದರು. ಕೋವಿ ಹೋದರೆ ಶೇಂಗಾ ಹೋಯಿತು. ಶೇಂಗಾ ಹೋದರೆ ಮಾದೇವಿಗೆ ಆ ಮರಳು ಗದ್ದೆಯಲ್ಲಿ ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಅವಳು ಗೊಬ್ಬರ ಹೊತ್ತು ಹೊತ್ತು ಹದ ಮಾಡಿದ ನೆಲ ಅದು.

ನಾ ಕಲಿಯುತ್ತೇನೆ ಎಂದು ಅವಳು ಹೇಳಿದಾಗ ಯೋಗೇಶ ನಕ್ಕ. ಕೊಪ್ಪದವರೂ ನಕ್ಕರು. ಕೊರಳ ತುಂಬ ಮಣಿಸರ ಹಾಕಿಕೊಂಡು ಕೋವಿ ಹಿಡಿಯುವವಳನ್ನು ಯಾರೂ ಕಂಡಿರಲಿಲ್ಲವಂತೆ. ಕಾಣದಿದ್ದರೆ ಈಗ ಕಾಣಲಿ ಎಂದು ಮಾದೇವಿ ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಹೆಸರು ಕೊಟ್ಟಳು. ದಿನಾ ಬೆಳಗಿನ ಬಸ್ಸು ಹಿಡಿದು ಹೋಗಿ, ಪ್ಯಾಂಟು ತೊಟ್ಟ ಕಾಲೇಜು ಹುಡುಗಿಯರ ಸಾಲಿನಲ್ಲಿ ಸೀರೆ ಉಟ್ಟು ಮಲಗಿ ಗುರಿ ಹಿಡಿದಳು. ಸರ್ಟಿಫಿಕೇಟು ತಂದು ಮಾವನ ಕೈಗಿತ್ತಳು. ಬೆಳೆ ಕಾಯುವವರ ಜಾಗದಲ್ಲಿ ಅವಳ ಹೆಸರೂ ಪರವಾನಗಿಗೆ ಸೇರಿತು. ಪೂರ್ತಿ ಅವಳ ಹೆಸರಿಗೆ ಆಗಬೇಕಾದರೆ ಮಾತ್ರ ಒಂದು ಬೆಳೆಯ ಮಟ್ಟಿಗೆ ಮಾವನೆದುರೇ ಕೋವಿ ತುಂಬಿ ಕಲಿತಿರಬೇಕು, ಆಮೇಲೆ ವಿಚಾರಣೆಗೆ ಬರುತ್ತೇವೆ ಎಂದು ಠಾಣೆಯವರು ಹೇಳಿ ಕಳಿಸಿದರು.

ಶುಕ್ರ ಗೌಡರು ಕಲಿಸಿದ ರೀತಿ ನೋಡಬೇಕಿತ್ತು. ಮೊದಲ ತಿಂಗಳು ಮದ್ದಿನ ಡಬ್ಬಿ ಮುಟ್ಟಲು ಬಿಡಲಿಲ್ಲ. ಬರಿ ಕೋವಿ ಒರೆಸು, ಬರಿ ಗಜ ಇಳಿಸು, ಬರಿ ಕತ್ತ ಬಿಡಿಸು. ಒಲೆಯಿಂದ ಎದ್ದು ಬಂದರೆ ಹಿಂದೆ ಕಳಿಸುತ್ತಿದ್ದರು: ಸೀರೆ ಬದಲಿಸು, ಕೈ ತೊಳೆ, ಕಿಡಿ ಎಲ್ಲಿ ಕೂತಿರುತ್ತದೆ ಎಂದು ಯಾರಿಗೆ ಗೊತ್ತು. ಅವಳು ಗೊಣಗದೆ ಹೋಗಿ ಬದಲಿಸಿ ಬರುತ್ತಿದ್ದಳು. ಅವರು ಹೇಳುತ್ತಿದ್ದ ಮಾತು ಒಂದೇ.

"ಹೊಡೆಯೂಕೆ ಯಾರಿಗೂ ಬತ್ತದೆ, ಮಾದೇವಿ. ತುಂಬೂದೇ ಕೆಲಸ."

ಗಜದ ಮೇಲೆ ಒಂದು ಗೆರೆ ಕೊರೆದಿತ್ತು. ಮದ್ದು ಮತ್ತು ಕತ್ತ ಸರಿಯಾಗಿ ಕೂತಾಗ ಗೆರೆ ನಳಿಗೆಯ ಬಾಯಿಗೆ ಸಮವಾಗಿ ನಿಲ್ಲಬೇಕು. ಮೇಲೆ ನಿಂತರೆ ಮದ್ದು ಹೆಚ್ಚು, ಕೆಳಗೆ ಹೋದರೆ ಕಡಿಮೆ, ಎರಡೂ ತಪ್ಪು. ಕಣ್ಣು ಕಾಣದ ಮುದುಕ ಉಗುರಿನಿಂದ ಆ ಗೆರೆ ಸವರಿ ನೋಡಿ, ಹೂಂ ಎಂದ ಮೇಲೆಯೇ ಕೇಪಿನ ಮಾತು.

ಓದು ಬಾರದ ಮಾದೇವಿ ಈ ಕ್ರಮವನ್ನೆಲ್ಲ ನೆನಪಿಡಲು ತನಗೆ ಗೊತ್ತಿದ್ದ ದಾರಿ ಹಿಡಿದಳು. ಅವಳು ಹಾಡುಗಾರ್ತಿ, ನಾಟಿಯಲ್ಲಿ ಅವಳು ಸೊಲ್ಲು ಎತ್ತಿದರೆ ಗದ್ದೆಯೆಲ್ಲ ಅದರ ಲಯಕ್ಕೆ ಕೈ ಆಡಿಸುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಸೊಲ್ಲು ಕಟ್ಟಿಕೊಂಡಳು. ನಳಿಗೆ ಒರೆಸುವುದಕ್ಕೆ ಒಂದು, ಮದ್ದು ಸುರಿಯುವುದಕ್ಕೆ ಒಂದು, ಕತ್ತಕ್ಕೆ ಒಂದು, ಗಜಕ್ಕೆ ಒಂದು. ಬಾಯಲ್ಲಿ ಗುನುಗುತ್ತಾ ಹೋದರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಏಳು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಜಾಣೆ ಎನ್ನುವುದು ಇಂಥವಳನ್ನೇ. ನಗುತ್ತಿದ್ದ ಕೊಪ್ಪದವರು ನಗುವುದನ್ನು ಬಿಟ್ಟರು, ಕೆಲವರು ಮುಂದಿನ ವರ್ಷ ತಾವೂ ಶೇಂಗಾ ಹಾಕುವ ಮಾತು ಆಡತೊಡಗಿದರು.

ಎಂಟನೆಯ ತಿಂಗಳ ಒಂದು ಭಾನುವಾರ. ಶೇಂಗಾ ಕೀಳಲು ಇನ್ನು ಹತ್ತೇ ದಿನ ಇತ್ತು. ಬೆಳಗಿನ ಗಂಜಿಯ ಹೊತ್ತಿಗೆ ಮಂಗಗಳ ಹಿಂಡು ಇಳಿಯಿತು, ಮೂವತ್ತಕ್ಕೆ ಕಡಿಮೆಯಿಲ್ಲ. ಯೋಗೇಶ ಮನೆಯಲ್ಲಿದ್ದ. ಸುದ್ದಿ ಕೇಳಿ ಅಕ್ಕಪಕ್ಕದವರೂ ಬೇಲಿಯ ಹತ್ತಿರ ಸೇರಿದರು. ಮಾದೇವಿ ಅಂಗಳದ ಮೂಲೆಯಲ್ಲಿ ಮಾವನೆದುರು ಕೂತು, ಗುನುಗುತ್ತಾ ನಳಿಗೆ ಒರೆಸಿ, ಮದ್ದಿನ ಸೊಲ್ಲು ಹೇಳಿ ಮದ್ದು ಸುರಿದಳು. ಅಷ್ಟರಲ್ಲಿ ಅವಳ ನಾದಿನಿ ಸಣ್ಣಿ ಬಸಳೆ ಬಿಡಿಸುತ್ತಾ ಹಿಂದೆ ಬಂದು ಕೂತಿದ್ದಳು. ಹಾಲಕ್ಕಿಗಳ ಹಾಡಿನಲ್ಲಿ ಮುಂದಿನವಳು ಹೇಳಿದ ಸೊಲ್ಲನ್ನು ಹಿಂದಿನವಳು ಹಾಗೇ ಮರಳಿ ಹೇಳಬೇಕು. ಚಿಕ್ಕಂದಿನಿಂದ ನಾಲಿಗೆಗೆ ಬಂದ ರೂಢಿ. ಅತ್ತಿಗೆಯ ಸೊಲ್ಲು ಕಿವಿಗೆ ಬಿದ್ದದ್ದೇ ಸಣ್ಣಿ ಯೋಚನೆಯೇ ಇಲ್ಲದೆ ಅದನ್ನು ಮರಳಿ ಹಾಡಿದಳು. ಸೊಲ್ಲು ಬಂದದ್ದೇ ಮಾದೇವಿಯ ಕೈಯೂ ಯೋಚನೆಯೇ ಇಲ್ಲದೆ ಮತ್ತೊಮ್ಮೆ ಮದ್ದು ಸುರಿಯಿತು.

ಅವಳಿಗೆ ಅದು ತಿಳಿಯಲೇ ಇಲ್ಲ. ಕತ್ತ ತುರುಕಿ ಗಜ ಇಳಿಸಿದಳು. ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತಿತು. ಇನ್ನೊಮ್ಮೆ ಒತ್ತಿದಳು, ಅದು ಇಳಿಯಲಿಲ್ಲ. ಮಾವನ ಉಗುರು ಗೆರೆಗೆ ಬರುವ ಮೊದಲೇ ಅವಳಿಗೆ ಸಣ್ಣಿ ಮರಳಿ ಹಾಡಿದ ಸೊಲ್ಲು ನೆನಪಾಯಿತು. ಬೇಲಿಯ ಹತ್ತಿರದಿಂದ ಯಾರೋ, ಇನ್ನೂ ತುಂಬಿಯೇ ಆಗಲಿಲ್ಲವೇ ಎಂದರು. ಗದ್ದೆಯಲ್ಲಿ ಮಂಗಗಳು ಬುಡ ಸಮೇತ ಕಿತ್ತು ಕಾಯಿ ಬಿಡಿಸುತ್ತಿದ್ದವು. ಯೋಗೇಶನಿಗೆ ತಾಳ್ಮೆ ತಪ್ಪಿತು.

"ಗುಂಡು ಇಲ್ಲ ಎಂತ ಇಲ್ಲ ಅದ್ರಲ್ಲಿ. ಹೊಡೆದ್ಬಿಡು ಮಾರಾಯ್ತಿ."

"ಮದ್ದು ಎರಡು ಸಲ ಬಿದ್ದದೆ," ಎಂದಳು ಮಾದೇವಿ. "ನಾ ಹೊಡೆಯೂದಿಲ್ಲ."

ಎಲ್ಲರೂ ಕೇಳುವಂತೆಯೇ ಹೇಳಿದಳು. ಕೇಪಿನ ಡಬ್ಬಿಯನ್ನು ಸಣ್ಣಿಯ ಕೈಗಿತ್ತು ದೂರ ಕಳಿಸಿದಳು, ನಳಿಗೆಗೆ ನೀರು ಹೊಯ್ದು ಮದ್ದನ್ನು ಕೆಡಿಸಿದಳು, ಮಾವ ಹೇಳಿಕೊಟ್ಟಂತೆ ಕತ್ತವನ್ನು ಎಳೆದು ತೆಗೆದಳು. ಅವಸರ ಮಾಡಲಿಲ್ಲ. ನಳಿಗೆ ಒಣಗಿಸದೆ ಮರಳಿ ತುಂಬುವಂತಿರಲಿಲ್ಲ. ಅಷ್ಟು ಹೊತ್ತಿಗೆ ಮಂಗಗಳು ಅರ್ಧ ಗದ್ದೆ ಮುಗಿಸಿ ತಾವಾಗಿಯೇ ಗುಡ್ಡ ಹತ್ತಿದವು. ಬೇಲಿಯ ಹತ್ತಿರದವರು ಏನೇನೋ ಆಡಿಕೊಂಡರು. ಅವರಿಗೆ ಏನು ಹೋಗಬೇಕು, ಹಳೆಯ ನಳಿಗೆ ಸಿಡಿದಿದ್ದರೆ ಸಾಯುತ್ತಿದ್ದವಳು ಅವಳು.

ಸಂಜೆ ಅಂಗಳದಲ್ಲಿ ಅವಳು ಮಾವನ ಮುಂದೆ ತಲೆ ತಗ್ಗಿಸಿ ಕೂತಳು. ಕೋವಿ ಒಪ್ಪಿಸಿಬಿಡಿ, ನನಗೆ ಬರುವ ವಿದ್ಯೆ ಅಲ್ಲ ಎಂದಳು. ಶುಕ್ರ ಗೌಡರು ಗಜವನ್ನು ಎತ್ತಿಕೊಂಡು ಗೆರೆಯ ಮೇಲೆ ಉಗುರು ಆಡಿಸಿದರು.

"ಆ ಗೆರೆ ಮೊದ್ಲಿಂದ ಇತ್ತು ಅಂತ ಮಾಡಿದ್ಯಾ? ನಾನೂ ಎರಡು ಸಲ ಹಾಕಿದ್ದೆ. ಹೊಡೆದೂಬಿಟ್ಟೆ. ಕೋವಿ ತಡ್ಕಂತು, ಹಂಗಾಗಿ ಬದುಕಿದೆ. ಮಾರನೇ ದಿನ ಕೊರೆದದ್ದು ಅದು. ಯಾರ ಹತ್ರಾನೂ ಹೇಳ್ಲಿಲ್ಲ."

ಮಾದೇವಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಗಂಡನಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಕೋವಿ ಮುಂದಿಟ್ಟುಕೊಂಡಾಗ ಗುನುಗುವುದನ್ನು ನಿಲ್ಲಿಸಿದಳು. ಮದ್ದಿನ ಡಬ್ಬಿಯನ್ನು ಬಲಕ್ಕಿಟ್ಟುಕೊಂಡು, ಒಮ್ಮೆ ಸುರಿದದ್ದೇ ಮುಚ್ಚಿ ಎಡಕ್ಕೆ ದಾಟಿಸುವುದು ಅವಳ ಹೊಸ ಕ್ರಮವಾಯಿತು. ಅವಳು ಕೋವಿ ತೆಗೆದಳೆಂದರೆ ಸಣ್ಣಿ ತಾನಾಗಿ ಎದ್ದು ಬಾವಿಕಟ್ಟೆಯ ಕಡೆ ಹೋಗುತ್ತಿದ್ದಳು. ಉಳಿದ ಅರ್ಧ ಗದ್ದೆಯನ್ನು ಅತ್ತಿಗೆ ನಾದಿನಿ ಇಬ್ಬರೂ ಸೇರಿ ಒಂದು ಕಾಯಿಯೂ ಹೋಗದಂತೆ ಕಾದು ಕಿತ್ತರು.

ವಿಚಾರಣೆಗೆ ಠಾಣೆಯ ಅಧಿಕಾರಿ ಬಂದದ್ದು ಮಳೆಗಾಲದ ಮುಂಚೆ. ಯೋಗೇಶ ರಜೆ ಹಾಕಿ ಬಂದಿದ್ದ. ಹಿಂದಿನ ದಿನವೇ ಹೆಂಡತಿಗೆ ಬುದ್ಧಿ ಹೇಳಿದ್ದ: ಏನೂ ತಪ್ಪಾಗಿಲ್ಲ ಎನ್ನು, ಮುಗಿಯಿತು. ಅಧಿಕಾರಿ ಒಳ್ಳೆಯವರೇ, ಆದರೆ ಕಡಕ್ ಮನುಷ್ಯ. ಕುರ್ಚಿಯಲ್ಲಿ ಕೂತು ಸರ್ಟಿಫಿಕೇಟು ನೋಡಿದರು, ಕೋವಿ ನೋಡಿದರು, ಕಲಿಯುವಾಗ ಏನಾದರೂ ಅಚಾತುರ್ಯ ಆಗಿತ್ತೇ ಎಂದು ಕೇಳಿದರು. ಯೋಗೇಶ ಇಲ್ಲ ಎಂದ. ಮಾದೇವಿ ಒಂದು ಸಲ ಆಗಿತ್ತು ಎಂದಳು. ಆದದ್ದನ್ನು ಆದಂತೆ ಹೇಳಿದಳು, ಹಾಡನ್ನೂ ಬಿಡಲಿಲ್ಲ. ಯೋಗೇಶನ ಮುಖ ನೋಡುವಂತಿರಲಿಲ್ಲ. ಅಧಿಕಾರಿ ಪೆನ್ನು ಕೆಳಗಿಟ್ಟರು.

"ನೋಡಮ್ಮ, ನಿಮ್ಮ ಮಾವ ಮೂವತ್ತನಾಲ್ಕು ವರ್ಷ ಒಂದೂ ತಪ್ಪಿಲ್ಲದೆ ಈ ಕೋವಿ ಇಟ್ಟುಕೊಂಡಿದ್ದಾರೆ. ನೀವು ಎಂಟೇ ತಿಂಗಳಿಗೆ ಹೀಗೆ ಮಾಡಿದರೆ ನಾನು ಏನೆಂದು ಬರೆಯಲಿ?"

ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಅವಳ ಬಾಯಲ್ಲೇ ಇತ್ತು. ಆಡದಿದ್ದರೆ ಕೋವಿ ಇಂದೇ ಜೀಪು ಹತ್ತುತ್ತದೆ, ಮುಂದಿನ ವರ್ಷ ಗದ್ದೆ ಬೀಳು ಬೀಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅವಳು ನೆಲ ನೋಡುತ್ತಾ ನಿಂತಳು. ಅಧಿಕಾರಿ ಇನ್ನೇನು ಬರೆಯಲು ಬಗ್ಗಿದರು. ಆಗ ಜಗಲಿಯ ಕಂಬ ಹಿಡಿದುಕೊಂಡು ಶುಕ್ರ ಗೌಡರು ಎದ್ದರು.

"ಸಾಹೇಬ್ರೆ, ನಂದೂ ಬರ್ಕಳಿ. ನಾನೂ ಎರಡು ಸಲ ತುಂಬಿದ್ದೆ. ಅವಳು ನಿಲ್ಸಿದ್ಲು, ನಾನು ಹೊಡೆದಿದ್ದೆ. ಅವಳು ಅವತ್ತೇ ಹೇಳಿದ್ಲು, ನನಗೆ ಹೇಳೂಕೆ ಇಷ್ಟು ವರ್ಷ ಬೇಕಾತು."

ಯೋಗೇಶ ಅಪ್ಪನ ಮುಖವನ್ನೇ ನೋಡುತ್ತಾ ನಿಂತ. ಅಧಿಕಾರಿ ಮಾದೇವಿಯ ಕಡೆ ತಿರುಗಿ, ಇದು ನಿಮಗೆ ಗೊತ್ತಿತ್ತೇ ಎಂದರು. ಗೊತ್ತಿತ್ತು ಎಂದಳು. ಮತ್ತೆ ನಾನು ಅವರ ಹೆಸರೆತ್ತಿ ನಿಮಗೆ ಹೇಳುವಾಗ ಬಾಯಿ ಬಿಡಲಿಲ್ಲವಲ್ಲ ಎಂದರು.

"ನಂದು ನಾ ಹೇಳ್ದೆ. ಅವ್ರದ್ದು ಹೇಳೂಕೆ ನಾ ಯಾರು?"

ಅಧಿಕಾರಿ ತುಂಬ ಹೊತ್ತು ಬರೆದರು, ಕೊಟ್ಟ ಮಜ್ಜಿಗೆ ಕುಡಿದರು, ಕೋವಿಯನ್ನು ಇದ್ದಲ್ಲೇ ಬಿಟ್ಟು ಹೋದರು. ಎರಡು ತಿಂಗಳ ಮೇಲೆ ಮಾದೇವಿಯ ಹೆಸರಿನ ಪರವಾನಗಿ ಪುಸ್ತಕ ಬಂತು, ಒಳಗೆ ಅವಳ ಫೋಟೋ. ಶುಕ್ರ ಗೌಡರಿಗೆ ಅದು ಕಾಣಲಿಲ್ಲ. ಎಲ್ಲಿದೆ ಎಂದು ಕೇಳಿ ಹೆಬ್ಬೆರಳಿನಿಂದ ಸವರಿದರು.

"ಆತು. ಇನ್ನು ನೀ ತುಂಬುವಾಗ ನಾ ಹತ್ರ ಕೂರೂದಿಲ್ಲ," ಎಂದರು.

ಅರ್ಧ ಗದ್ದೆ ಹೋದ ದಿನವೂ ಅಳದ ಮಾದೇವಿ ಆಗ ಅತ್ತಳು.