ಅಂಚೆ ಕಚೇರಿಯಲ್ಲಿ ಕೊಂಡ ಬಂದೂಕಿನ ಪರವಾನಗಿ

ಅಂಚೆ ಕಚೇರಿಯಲ್ಲಿ ಸ್ಟಾಂಪಿನ ಜೊತೆಗೆ ಬಂದೂಕಿನ ಪರವಾನಗಿಯನ್ನೂ ಮಾರುತ್ತಾರೆ ಎಂದರೆ ನಮ್ಮ ಬಂಗಾರಪೇಟೆ ಕಡೆಯವರು ಯಾರೂ ನಂಬುವುದಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಗೆ ಬಂದ ಹೊಸದರಲ್ಲಿ ನಾನೇ ಕಣ್ಣಾರೆ ಕಂಡೆ. ನನ್ನ ಮುಂದೆ ನಿಂತಿದ್ದ ಕೆಸರು ಬೂಟಿನ ರೈತ ಹತ್ತು ಶಿಲ್ಲಿಂಗ್ ಇಟ್ಟ. ಮೇಜಿನ ಹಿಂದಿದ್ದ ಹೆಂಗಸು ಒಂದು ಚೀಟಿ ಬರೆದು ಕೊಟ್ಟಳು. ಅವನು ಅದನ್ನು ಜೇಬಿಗೆ ತುರುಕಿಕೊಂಡು ಹೊರಟೇಬಿಟ್ಟ. ಬಂದೂಕು ಯಾಕೆ ಬೇಕು, ಎಷ್ಟು ಕಂದಾಯ ಕಟ್ಟುತ್ತೀಯೆ, ನಿನಗೆ ಜಾಮೀನು ಯಾರು ಎಂದು ಅವಳು ಒಂದು ಮಾತೂ ಕೇಳಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಯಾಕೆಂದರೆ ನಮ್ಮೂರು ಕಾಮಸಮುದ್ರದ ಕಾಡಂಚಿನಲ್ಲಿದೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಹಿಂಡುಗಟ್ಟಿ ಇಳಿಯುತ್ತವೆ. ಅಪ್ಪನ ಬಳಿ ತಾತನ ಕಾಲದ್ದೊಂದು ಬಂದೂಕಿತ್ತು. ಒಂದು ವರ್ಷ ಅಮಲ್ದಾರರು ಪರವಾನಗಿ ಮುಂದುವರಿಸಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಬಂದೂಕು ಪೊಲೀಸ್ ಠಾಣೆ ಸೇರಿತು. ಅಂದಿನಿಂದ ಆಯುಧಪೂಜೆಯ ದಿನ ಅಪ್ಪ ಅರಿಶಿನ ಕುಂಕುಮ ಹಿಡಿದು ಠಾಣೆಗೆ ಹೋಗಿ, ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಅದಕ್ಕೆ ಬೊಟ್ಟಿಟ್ಟು ಬರುತ್ತಿದ್ದ. ನನ್ನ ತಮ್ಮ ಮುನಿಯಪ್ಪನ ತೊಡೆಯನ್ನು ಹಂದಿ ಸೀಳಿ ಅವನು ಕುಂಟನಾದ ವರ್ಷವೂ ಅಪ್ಪ ಹೋಗಿ ಬೊಟ್ಟಿಟ್ಟ.

ನಾನು ಉರಿಗಾಂನ ಚಿನ್ನದ ಗಣಿಯಲ್ಲಿ ಒಬ್ಬ ಬಿಳಿ ದೊರೆಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದೆ. ದೀರ್ಘ ರಜೆಯ ಮೇಲೆ ತಮ್ಮೂರು ಕಾರ್ನ್‌ವಾಲಿಗೆ ಹೊರಟಾಗ ಅವರು ನನ್ನನ್ನೂ ಕರೆತಂದರು. ಉರಿಗಾಂನಲ್ಲಿ ಅವರ ಸೊಂಟದಲ್ಲಿ ಪಿಸ್ತೂಲಿಲ್ಲದ ದಿನವನ್ನು ನಾನು ಕಂಡಿರಲಿಲ್ಲ. ಇಲ್ಲಿಗೆ ಬಂದವರೇ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಯಾಕೆಂದು ಕೇಳಿದೆ. ಇಲ್ಲಿ ಯಾರಿಗೆ ಹೆದರಬೇಕು ಎಂದು ಗಣಿಯ ಕೂಲಿಗಳಿಂದ ಕಲಿತ ತಮ್ಮ ಮುರುಕು ತಮಿಳಿನಲ್ಲಿ ಹೇಳಿ ನಕ್ಕರು. ಹಾಗಾದರೆ ಇಷ್ಟು ವರ್ಷ ಅವರು ಹೆದರಿದ್ದು ನಮಗೆ. ಅವರ ಕುದುರೆಗೆ ಹುರುಳಿ ಬೇಯಿಸಿ ಹಾಕುತ್ತಿದ್ದ ನನಗೆ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಲಾಯದ ಮೇಲಿನ ಅಟ್ಟದಲ್ಲಿ ನನ್ನ ವಾಸ. ಕೆಳಗಿನ ಕುದುರೆಗಳ ಬಿಸಿಯೇ ನನ್ನ ಕಂಬಳಿ. ಇಲ್ಲಿನ ಗಣಿಯಾಳುಗಳು ಬುತ್ತಿಗೆ ಒಯ್ಯುವುದು 'ಪಾಸ್ಟಿ'. ನಮ್ಮ ಕರ್ಜಿಕಾಯಿಯನ್ನು ಅಂಗೈಯಗಲ ಮಾಡಿ, ಒಳಗೆ ದನದ ಮಾಂಸ ಮತ್ತು ಗೆಡ್ಡೆ ತುಂಬಿದ ಹಾಗೆ. ನಾನು ಬರೀ ಗೆಡ್ಡೆಯದನ್ನು ಮಾಡಿಸಿಕೊಂಡು ತಿಂದೆ. ರಾಗಿಮುದ್ದೆ ನೆನೆದು ಅತ್ತ ದಿನಗಳುಂಟು, ಹೇಳಲು ನಾಚಿಕೆಯಿಲ್ಲ. ಜನ ಎದುರು ಸಿಕ್ಕವರನ್ನೆಲ್ಲ 'ಮೈ ಹ್ಯಾಂಡ್ಸಮ್' ಎನ್ನುತ್ತಾರೆ, ಅಂದರೆ ಚೆಲುವಾ ಎಂದು. ಹೆತ್ತ ತಾಯಿಯೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಚಳಿಗಾಲ ಕಳೆಯುತ್ತಲೇ ಧೈರ್ಯ ಮಾಡಿ ನಾನೂ ಹತ್ತು ಶಿಲ್ಲಿಂಗ್ ಇಟ್ಟೆ. ಆ ಹೆಂಗಸು ಹೆಸರು ಹೇಗೆ ಬರೆಯಬೇಕೆಂದು ಮಾತ್ರ ಕೇಳಿದಳು. ಪಕ್ಕದ ಹೊಲದ ಮುದುಕ ತನ್ನ ಹಳೆಯ ಬಂದೂಕನ್ನು ನನಗೆ ಮಾರಿದ. ಅವನ ಗೆಡ್ಡೆಯ ಸಾಲುಗಳನ್ನು ಮೊಲಗಳು ಹಾಳು ಮಾಡುತ್ತಿದ್ದವು. ನಾನು ಹೊಡೆದುಕೊಟ್ಟೆ. ಅವನು ಬೆನ್ನು ತಟ್ಟಿದಾಗ ನಾನೂ ಒಬ್ಬ ಮನುಷ್ಯ ಅನ್ನಿಸಿತು. ಪರವಾನಗಿ ಕೊಟ್ಟದ್ದು ಚಕ್ರವರ್ತಿಯ ಸರ್ಕಾರ. ನಮ್ಮೂರಿನ ರೂಪಾಯಿಯ ಮೇಲಿರುವುದೂ ಅದೇ ಚಕ್ರವರ್ತಿಯ ತಲೆ. ಇಲ್ಲಿ ನಡೆದದ್ದು ಅಲ್ಲಿ ನಡೆಯದೇ ಎಂದುಕೊಂಡೆ. ಎಂಥ ಪೆದ್ದ ನಾನು!

ರಜೆ ಮುಗಿದು ದೊರೆಯೊಂದಿಗೆ ಬೊಂಬಾಯಿಯಲ್ಲಿ ಇಳಿದಾಗ, ಸುಂಕದವರು ಅವರ ಬಂದೂಕುಗಳನ್ನು ಸಲಾಮು ಹೊಡೆದು ಬಿಟ್ಟರು. ನನ್ನದನ್ನು ಹಿಡಿದುಕೊಂಡರು. ಚೀಟಿ ತೋರಿಸಿದೆ. ಸುಂಕದ ಗುಮಾಸ್ತ ನಮ್ಮವನೇ, ಚೀಟಿಯನ್ನೂ ನನ್ನ ಮುಖವನ್ನೂ ನೋಡಿ ಬಿದ್ದು ಬಿದ್ದು ನಕ್ಕ. ಕೊನೆಗೆ ದೊರೆ ಬಂದು, "ಅದೂ ನನ್ನದೇ" ಎಂದರು. ಆ ಒಂದು ಮಾತಿಗೆ ಬಂದೂಕು ಉಳಿಯಿತು, ಉರಿಗಾಂ ಬಂಗಲೆಯ ಗೋಡೆ ಸೇರಿತು. ಅವರು ಮಾಡಿದ್ದು ಉಪಕಾರವೇ, ಅಲ್ಲವೆನ್ನಲಾರೆ. ಆದರೆ ಅದನ್ನು ಊರಿಗೆ ಒಯ್ಯುತ್ತೇನೆ ಎಂದಾಗ, ಕಾನೂನು ಒಪ್ಪುವುದಿಲ್ಲ ಎಂದು ತಲೆಯಾಡಿಸಿದರು.

ಸುದ್ದಿ ಕೇಳಿ ಅಪ್ಪ ನಡೆದೇ ಬಂದ. ಬಂಗಲೆಯ ಹಿಂದಿನ ಜಗುಲಿಗೆ ಬಂದೂಕು ತಂದು ತೋರಿಸಿದೆ. ಮೇಲಿಂದ ಕೆಳಗಿನವರೆಗೂ ಸವರಿ ನೋಡಿದ.

"ಇದು ನಿಂದೇ ಏನ್ಲಾ?"

"ನಂದೇ ಕಣಪ್ಪಾ. ನಾನೇ ತಗಂಡಿದ್ದು."

"ಅಂಗಾದ್ರೆ ಎತ್ಕೊಂಡ್ ನಡೀಲಾ, ಕಾಯಿ ಬಲೀತಾ ಐತೆ. ಮುನಿಯ ಒಬ್ನೇ ಅವ್ನೆ ಒಲದಾಗೆ."

"ಗೇಟು ದಾಟಿದ್ರೆ ಇಡ್ಕಂತಾರೆ. ದೊರೆಗಳ್ದು ಅಂತ ಬರ್ಸೈತೆ."

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಪಂಚೆಯಂಚಿನಲ್ಲಿ ಕುಂಕುಮ ಕಟ್ಟಿಕೊಂಡು ಬಂದಿದ್ದ. ಅದನ್ನು ಬಿಚ್ಚಲಿಲ್ಲ. "ದೊರೆ ತುಪಾಕಿಗೆ ನಾನ್ಯಾಕ್ಲಾ ಬೊಟ್ಟಿಡ್ಲಿ?" ಎಂದ. ಆಮೇಲೆ, "ಅಲ್ಲಿ, ದೊರೆಗಳ ಸೀಮ್ಯಾಗೆ, ನಿನ್ನ ಯಾರೂ ಏನೂ ಕೇಳಲ್ವಾ?"

"ಇಲ್ಲಪ್ಪಾ."

"ಅಂಗಾದ್ರೆ ಅಲ್ಲಿಗೇ ಓಗ್ಬಿಡ್ಲಾ ಎಂಕ್ಟಾ. ನಂಬೋ ಕಡೆ ಇರು."

ಸಿಟ್ಟಿನಲ್ಲಿ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಪ್ರೀತಿಯಿಂದ ಹೇಳಿದ. ದೊರೆ ಕೆಲಸ ಬಿಟ್ಟು ತಮ್ಮೂರಿಗೆ ಮರಳಿದಾಗ ನಾನೂ ಇಲ್ಲಿಗೇ ಬಂದುಬಿಟ್ಟೆ, ಬಂದೂಕಿನ ಸಮೇತ.

ಅಪ್ಪ ತಪ್ಪು ತಿಳಿದಿದ್ದ. ಇವರು ನನ್ನನ್ನು ನಂಬಿಲ್ಲ. ಒಂಟಿ ಕರಿಯನಿಗೆ ಹೆದರುವ ಅಗತ್ಯ ಇವರಿಗೆ ಬಿದ್ದಿಲ್ಲ, ಅಷ್ಟೇ. ನನ್ನಂಥವರು ಒಂದು ಬೀದಿ ತುಂಬಿದರೆ ಇಲ್ಲಿಯೂ ಜಾಮೀನು ಕೇಳುತ್ತಾರೆ. ಹಾಗೆಂದು ವಾಪಸು ಹೋಗೋಣವೆಂದರೆ, ನಾನು ಹುಟ್ಟಿದ ನೆಲದಲ್ಲಿ ನನ್ನಂಥವರು ತುಂಬಿದ ಒಂದು ಬೀದಿಯಲ್ಲ, ದೇಶವೇ ಇದೆ. ಅದಕ್ಕೇ ಅಲ್ಲಿ ಅಷ್ಟು ಬೀಗ. ಉರಿಗಾಂ ಗಣಿಯಿಂದ ರಜೆಗೆ ಬಂದವರನ್ನು ಊರಿನ ಸುದ್ದಿ ಕೇಳುತ್ತಿರುತ್ತೇನೆ. ಅಪ್ಪ ಈಗಿಲ್ಲ. ಮುನಿಯಪ್ಪ ಆ ಕುಂಟುಗಾಲಲ್ಲೇ ತಗಡಿನ ಡಬ್ಬ ಬಡಿಯುತ್ತಾ ನಮ್ಮ ಹೊಲ ಕಾಯುತ್ತಾನಂತೆ. ನಾನು ಸಮುದ್ರದಾಚೆ ಬಂದೂಕು ಹಿಡಿದು, ಯಾರದೋ ಹೊಲದ ಗೆಡ್ಡೆ ಕಾಯುತ್ತಿದ್ದೇನೆ.