ಕಡೇ ಪಂಕ್ತಿಯ ಶೀಟು

ನನಗೆ ಮ್ಯಾಕ್ರೊ ಬರೆಯಲು ಬರುತ್ತದೆ ಎಂಬುದನ್ನು ನಾನು ಒಂದು ಕಾಲದಲ್ಲಿ ಕುಮಟೆಯ ಎಷ್ಟು ಜನರಿಗೆ ಹೇಳಿದ್ದೆನೆಂದರೆ, ನನ್ನನ್ನು ಕಂಡೊಡನೆ ರಸ್ತೆ ದಾಟುವವರೂ ಇದ್ದರು. ಇಸವಿ ಎರಡು ಸಾವಿರದ ಆಚೀಚಿನ ದಿನಗಳು. ಟೈಪಿಂಗ್ ಯಂತ್ರಗಳನ್ನು ಮೂಲೆಗೆ ಸರಿಸಿ, ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದೆ. ಮ್ಯಾಕ್ರೊ ಎಂದರೆ ಮಹಾ ಏನಲ್ಲ. ಕೈಯಿಂದ ನೂರು ಸಲ ಮಾಡುವ ಕೆಲಸವನ್ನು ಯಂತ್ರಕ್ಕೆ ಒಮ್ಮೆ ಬರೆದುಕೊಟ್ಟು, ಆಮೇಲೆ ಕೈಕಟ್ಟಿ ಕೂರುವ ವಿದ್ಯೆ. ಕೈಕಟ್ಟಿ ಕೂರುವುದು ನನಗೆ ಮೊದಲೇ ಬರುತ್ತಿದ್ದುದರಿಂದ ಉಳಿದರ್ಧ ಕಲಿಯುವುದು ಕಷ್ಟವಾಗಲಿಲ್ಲ.

ಈ ವಿದ್ಯೆಯನ್ನು ನಂಬಿ ಬಂದ ಏಕೈಕ ಮನುಷ್ಯ ಹೊನ್ನಾವರದ ಸುಬ್ರಾಯಣ್ಣ. ಮದುವೆ ಅಡುಗೆಯಲ್ಲಿ ಅವರದು ದೊಡ್ಡ ಹೆಸರು, ಓದುಬರಹ ಮಾತ್ರ ಅಷ್ಟಕ್ಕಷ್ಟೆ. ಅವರ ಮಗಳು ಮಂಗಲಾ ನನ್ನಲ್ಲೇ ಕಲಿತವಳು. ಅಪ್ಪನ ಬಾಯಲ್ಲಿದ್ದ ಅಳತೆಗಳನ್ನೆಲ್ಲ ಅವಳು ಸ್ಪ್ರೆಡ್‌ಶೀಟಿಗೆ ಹಾಕಿದ್ದಳು. ಊಟದ ಒಂದೊಂದು ಪಂಕ್ತಿಗೆ ಒಂದೊಂದು ಶೀಟು: ಇಷ್ಟು ಎಲೆ, ಇಷ್ಟು ಅಕ್ಕಿ, ಇಷ್ಟು ಹೋಳಿಗೆ. ಆಗಿನಿಂದಲೂ ನನಗೆ ಸುಬ್ರಾಯಣ್ಣನ ಟೆಂಪೋದಲ್ಲಿ ಕೊಪ್ಪರಿಗೆಗಳ ನಡುವೆ ಕುಳಿತು ಮದುವೆಗಳಿಗೆ ಹೋಗುವ ಚಟ. ಯಾರೂ ಕರೆದಿರುತ್ತಿರಲಿಲ್ಲ, ಹೋಳಿಗೆ ಕರೆದಿರುತ್ತಿತ್ತು.

ಮಂಗಲಾ ಮದುವೆಯಾಗಿ ಭಟ್ಕಳಕ್ಕೆ ಹೋದ ಮೇಲೆ, ಪ್ರತಿ ಮದುವೆಗೂ ಆ ಶೀಟುಗಳನ್ನು ಹೊಸ ಫೈಲಿಗೆ ನಕಲು ಮಾಡಿ, ತಲೆಲೆಕ್ಕ ತಿದ್ದಿ, ಪ್ರಿಂಟು ತೆಗೆದುಕೊಡುವ ಕೆಲಸ ನನಗೆ ಬಂತು. ನಾನೋ, ಕೂಡಲೇ ಮ್ಯಾಕ್ರೊ ಬರೆದೆ. ಒಂದೊಂದೇ ಶೀಟನ್ನು ಆರಿಸು, ನಕಲು ಮಾಡು, ಮುಂದಕ್ಕೆ ಹೋಗು. ನಾಲ್ಕು ಶೀಟು ಸರಾಗವಾಗಿ ಹೋದವು. ಐದನೆಯದಕ್ಕೆ ಯಂತ್ರ ನನ್ನ ಮ್ಯಾಕ್ರೊದ ಒಂದು ಸಾಲಿಗೆ ಹಳದಿ ಬಳಿದು ಮುಷ್ಕರ ಹೂಡಿತು. ಹುಡುಕಿದರೆ, ಮಂಗಲಾ ಆ ಶೀಟನ್ನು ಮರೆಮಾಡಿ ಇಟ್ಟಿದ್ದಾಳೆ! ಮರೆಯಲ್ಲಿರುವ ಶೀಟು ಹಾಗೆಲ್ಲ ಆರಿಸಲು ಸಿಗುವುದಿಲ್ಲ.

ತೆರೆದು ನೋಡಬಹುದಿತ್ತು, ಎರಡು ಕ್ಲಿಕ್ಕಿನ ಕೆಲಸ. ಆದರೆ ಬುದ್ಧಿವಂತರು ನೋಡುವುದಿಲ್ಲ, ಊಹಿಸುತ್ತಾರೆ. ಯಾವುದೋ ಹಳೆಯ ಕಚ್ಚಾ ಲೆಕ್ಕ ಎಂದು ಊಹಿಸಿ, 'ಶೀಟು ಮರೆಯಲ್ಲಿದ್ದರೆ ಬಿಟ್ಟು ಮುಂದೆ ಹೋಗು' ಎಂಬ ಸಾಲು ಸೇರಿಸಿದೆ. ಯಂತ್ರ ತೆಪ್ಪಗೆ ನಡೆಯಿತು.

ಮೊದಲ ಪ್ರಯೋಗ ಮಾವಳ್ಳಿಯ ಮದುವೆ. ನನ್ನ ಪಟ್ಟಿಯ ಪ್ರಕಾರ ಬಂದಿಳಿದ ಸಾಮಾನು ನೋಡಿ ಸುಬ್ರಾಯಣ್ಣ ಗದ್ದ ಕೆರೆದುಕೊಂಡರು.

"ಎಂತ ಮಾಸ್ತರ್ರೆ, ಬೇಳೆ ಸ್ವಲ್ಪ ಕಮ್ಮಿ ಕಾಣ್ತದಲ್ಲ?"

"ಕಂಪ್ಯೂಟರ್ ಲೆಕ್ಕ ಸುಬ್ರಾಯಣ್ಣ, ತಪ್ಪುವುದಿಲ್ಲ" ಎಂದೆ.

"ಹಂಗಾರೆ ಆತು" ಎಂದು ಅವರು ಒಲೆ ಹೊತ್ತಿಸಿದರು.

ನಾಲ್ಕು ಪಂಕ್ತಿ ಭರ್ಜರಿಯಾಗಿ ಎದ್ದವು. ಐದನೆಯದಕ್ಕೆ ವಾಲಗದವರು, ಎಲೆ ತೆಗೆಯುವ ಹೆಂಗಸರು, ಟೆಂಪೋದವ, ತುದಿಯಲ್ಲಿ ನಾನು. ಅನ್ನ ಬಂತು, ತೆಳ್ಳಗಿನ ಸಾರು ಬಂತು. ಹೋಳಿಗೆಗೆಂದು ಎಲೆಯಲ್ಲಿ ಜಾಗ ಬಿಟ್ಟುಕೊಂಡು ಎಲ್ಲರೂ ಕಾದೆವು. ಬೆಳಗಿನಿಂದ ಊದಿ ಊದಿ ತುಟಿ ಬಾತಿದ್ದ ವಾಲಗದ ಮುದುಕ, "ಹೋಳಿಗೆ ಇನ್ನೂ ಬೇಯ್ತಾ ಅದೆಯಾ?" ಎಂದು ಕೇಳಿದ. ಸುಬ್ರಾಯಣ್ಣ ಖಾಲಿ ಬುಟ್ಟಿ ಹಿಡಿದುಕೊಂಡು ಬಂದು ನನ್ನೆದುರು ನಿಂತರು.

"ಮೂವತ್ತು ವರ್ಷದಲ್ಲಿ ನನ್ನ ಕಡೇ ಪಂಕ್ತಿ ಸಿಹಿ ಇಲ್ದೆ ಎದ್ದದ್ದಿಲ್ಲ, ಮಾಸ್ತರ್ರೆ."

ಅಷ್ಟೇ. ಬೈದಿದ್ದರೆ ಎಷ್ಟೋ ಮೇಲಿತ್ತು. ಮುದುಕ ಎಲೆ ಮಡಚಿ ಎದ್ದ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಎಸ್‌ಟಿಡಿ ಬೂತಿನಿಂದ ಮಂಗಲಾಗೆ ಫೋನು ಹಚ್ಚಿದೆ. ಅವಳು ಸಾವಧಾನವಾಗಿ ಹೇಳಿದಳು: "ಆ ಶೀಟು ಕಂಡ್ರೆ ಮದುವೆಮನೆ ಯಜಮಾನ್ರು, ಇವರಿಗೆಲ್ಲ ಹೋಳಿಗೆ ಎಂತಕ್ಕೆ ಅಂತ ಗೀಟು ಹೊಡೆದು ಹಾಕ್ತಾರೆ ಸರ್. ಅದಕ್ಕೇ ಒಟ್ಟು ಸಾಮಾನಿಗೆ ಸೇರಿಸಿ, ಶೀಟು ಮಾತ್ರ ಅಡಗಿಸಿಡೂದು. ಅಡಗಿಸಿದ್ದು ಅವರಿಂದ, ನಿಮ್ಮಿಂದಲ್ಲ."

ಓಡಿಬಂದು ತೆರೆದೆ. ವಾಲಗದವರು ಐದು. ಎಲೆ ತೆಗೆಯುವವರು ಎಂಟು. ಪಾತ್ರೆ ತೊಳೆಯುವವರು ಆರು. ಟೆಂಪೋದವ ಒಂದು. ಹೀಗೆ ಇಳಿಯುತ್ತ ಹೋಗಿ ಕಟ್ಟಕಡೆಯ ಸಾಲು: 'ನಮ್ಮ ಸರ್ – ಒಂದು. ಹೋಳಿಗೆ ಮೂರು.'

ಲಗ್ನಪತ್ರಿಕೆಯಲ್ಲಿ 'ಸಕುಟುಂಬ ಸಪರಿವಾರ' ಎಂದು ಅಚ್ಚು ಹಾಕಿಸುತ್ತೇವಲ್ಲ, ಅದರಲ್ಲಿ ಕುಟುಂಬ ಯಾರೆಂದು ಎಲ್ಲರಿಗೂ ಗೊತ್ತು. ಅವರು ಫೋಟೋದಲ್ಲಿ ನಿಂತಿರುತ್ತಾರೆ. ಈ ಪರಿವಾರ ಯಾರು? ರಾಜರ ಕಾಲದಲ್ಲಿ ಛತ್ರ ಹಿಡಿಯುವವರು, ಪಲ್ಲಕ್ಕಿ ಹೊರುವವರು ಇದ್ದರಂತೆ. ರಾಜರು ಹೋದರು, ಶಬ್ದ ಪತ್ರಿಕೆಯಲ್ಲೇ ಉಳಿಯಿತು ಎಂದುಕೊಂಡಿದ್ದೆ. ಇಲ್ಲ, ಪರಿವಾರ ಮಂಗಲಾಳ ಐದನೇ ಶೀಟಿನಲ್ಲಿ ಕ್ಷೇಮವಾಗಿತ್ತು. ಅದರೊಳಗೆ ನಾನೂ ಇದ್ದೆ. ನನ್ನನ್ನೇ ನಾನು ಬಿಟ್ಟು ಮುಂದೆ ಹೋಗಿದ್ದೆ.

ಆ ಸಾಲನ್ನು ಅಳಿಸಿ ಬೇರೆ ಬರೆದೆ: ಶೀಟು ಮರೆಯಲ್ಲಿದ್ದರೆ ಮೊದಲು ಹೊರಗೆ ಕರೆ, ನಕಲು ಮಾಡು, ಮತ್ತೆ ಮರೆಯಲ್ಲಿ ಕೂರಿಸು. ಮತ್ತೆ ಕೂರಿಸುವುದೂ ಮುಖ್ಯ, ಏಕೆಂದರೆ ಯಜಮಾನರಿನ್ನೂ ಬದಲಾಗಿರಲಿಲ್ಲ.

ಮುಂದಿನ ಮದುವೆ ಹೊನ್ನಾವರದಲ್ಲಿ. ಕಡೇ ಪಂಕ್ತಿಯಲ್ಲಿ ಅದೇ ವಾಲಗದ ಮುದುಕ, ಅವನ ಪಕ್ಕ ನಾನು. ಅವನ ಎಲೆಗೆ ಹೋಳಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಉಸಿರು ಬಿಟ್ಟದ್ದು. ಬುಟ್ಟಿ ನನ್ನೆದುರು ಬಂದಾಗ, ಪ್ರಾಯಶ್ಚಿತ್ತವಾಗಿ ಇರಲಿ ಎಂದು, "ನನಗೆ ಒಂದೇ ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿದೆ.

ಸುಬ್ರಾಯಣ್ಣ ಮೆಲ್ಲಗೆ ನನ್ನ ಕೈ ಸರಿಸಿ ಮೂರು ಹಾಕಿದರು.

"ತಿನ್ನಿ ಮಾಸ್ತರ್ರೆ. ಕಂಪ್ಯೂಟರ್ ಲೆಕ್ಕ, ತಪ್ಪೂದಿಲ್ಲ."