ಬದಲಿ ಹಿಟ್ಟಿನ ಬರಗೇರಮ್ಮ

ಬೆಳಕು ಹರಿಯುವ ಮೊದಲೇ ಜವನಗೊಂಡನಹಳ್ಳಿ ಕಡೆಯ ಈ ಊರಿನ ಹಿಟ್ಟಿನ ಗಿರಣಿ ಸದ್ದು ಮಾಡುತ್ತದೆ. ಗಿರಣಿ ನಡೆಸುವ ಬರಗೇರಮ್ಮ ಸೆರಗನ್ನು ತಲೆಗೆ ಬಿಗಿದು, ತಮ್ಮ ಮನೆಯ ರಾಗಿಯನ್ನೇ ಮೊದಲು ಸುರಿಯುತ್ತಾರೆ. ಮೊದಲು ಬೀಸಿದವರ ಹಿಟ್ಟಿನಲ್ಲಿ ಒಂದಿಷ್ಟು ಕಲ್ಲಿಗೇ ಮೆತ್ತಿಕೊಂಡು ಉಳಿಯುತ್ತದೆ. ಅದಕ್ಕೇ ಗಿರಣಿಯಲ್ಲಿ ಮೊದಲಿಗರಾಗಲು ಯಾರಿಗೂ ಮನಸ್ಸಿಲ್ಲ.

"ಸೇರು ರಾಗಿ ತಂದೋರು ಕಲ್ಲಿಗೆ ಹಿಡಿ ಹಿಟ್ಟು ಕೊಟ್ರೆ ಮಕ್ಕಳಿಗೇನು ಕೊಡ್ತಾರ್ರಿ? ಕಲ್ಲಿನ ಹೊಟ್ಟೆ ನಮ್ಮನೇದ್ರಾಗೇ ತುಂಬ್ಲಿ" ಎನ್ನುತ್ತಾರೆ.

ಸೇರು ರಾಗಿ ತರುವವರು ಈಗ ಬಹಳ. ಎರಡು ವರ್ಷ ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಂಡದ್ದಾಯಿತು. ಮೂರನೇ ವರ್ಷದ ಮಳೆ ಬೇಕಾದಾಗ ಬಾರದೆ, ತೆನೆ ಬಲಿತ ಮೇಲೆ ಹಗಲೂ ಇರುಳೂ ಸುರಿಯಿತು. ಹಳ್ಳದ ದಂಡೆಯ ಮಣ್ಣಿನ ಮನೆಗಳು ನಿಂತಲ್ಲೇ ಕರಗಿದವು. ವರದಿಗೆಂದು ಊರೂರು ಸುತ್ತುವ ನಾನು ಬರವನ್ನೂ ಕಂಡಿದ್ದೇನೆ, ನೆರೆಯನ್ನೂ ಕಂಡಿದ್ದೇನೆ. ಎರಡೂ ಒಂದೇ ಮನೆಯ ಬಾಗಿಲಿಗೆ ಹೀಗೆ ಬೆನ್ನುಬೆನ್ನಿಗೆ ಬಂದದ್ದು ನನ್ನ ನೆನಪಿನಲ್ಲಿಲ್ಲ. ಆ ಮನೆಗಳವರೆಲ್ಲ ಈಗ ಗೋಮಾಳದ ತಗಡಿನ ಶೆಡ್ಡುಗಳಲ್ಲಿದ್ದಾರೆ. ಕೂಲಿ ಸಿಕ್ಕ ದಿನ ಎರಡು ಹೊತ್ತಿನ ಊಟ, ಇಲ್ಲದ ದಿನ ಒಂದೇ.

ಇಂದು ಮೊದಲು ಬಂದವರು ಶೆಡ್ಡಿನ ಚಂದ್ರಕ್ಕ. ತಗಡು ಸೋರಿ ರಾಗಿ ಚೀಲ ತೊಯ್ದಿದೆ. ಮನೆಯಲ್ಲಿ ಉಳಿದಿರುವುದು ಇಷ್ಟೇ. ಮಕ್ಕಳು ನಿನ್ನೆ ಗಂಜಿಯ ತಿಳಿ ಕುಡಿದು ಮಲಗಿದವರು. ಬರಗೇರಮ್ಮ ಚೀಲಕ್ಕೆ ಕೈ ಹಾಕುತ್ತಾರೆ.

"ಲೇ ಚಂದ್ರಿ, ಹಸಿ ಐತಲ್ಲೇ! ಹಾಕಿದ್ರೆ ಕಲ್ಲಿಗೆ ಅಂಟ್ಕಂತೈತೆ, ನಿಂಗೆ ಅರ್ಧನೂ ಬರಲ್ಲ."

"ಬಂದಷ್ಟು ಬರ್ಲಿ, ಹಾಕಕ್ಕ. ಹುಡುಗ್ರು ಒಲೆ ಮುಂದೆ ಕುಂತವೆ."

"ಇದನ್ನ ಇಲ್ಲೇ ಸುರುವು. ನನ್ನ ಹಿಟ್ಟು ತಗಂಡು ಹೋಗು."

"ಧರ್ಮದ್ದು ಬ್ಯಾಡಕ್ಕ."

"ಧರ್ಮ ಮಾಡಾಕೆ ನಾನೇನು ಗೌಡ್ತಿನೇನೇ? ಬದಲಿ ಕಣೇ ಇದು. ನಿನ್ನ ರಾಗಿ ನಂಗೆ, ನನ್ನ ಹಿಟ್ಟು ನಿಂಗೆ. ನಡಿ, ಎಸರಿಡು!"

ಆಗಷ್ಟೇ ಬೀಸಿದ ಬೆಚ್ಚನೆಯ ಹಿಟ್ಟನ್ನು ಎದೆಗವಚಿಕೊಂಡು ಚಂದ್ರಕ್ಕ ಬಿರಬಿರನೆ ನಡೆಯುತ್ತಾರೆ.

ಹಸಿ ರಾಗಿಯನ್ನು ಬರಗೇರಮ್ಮ ಗೋಣಿತಟ್ಟಿನ ಮೇಲೆ ಹರಡುತ್ತಾರೆ. ಕೆಟ್ಟ ಕಾಳು ಆರಿಸಿ ತಿಪ್ಪೆಗೆ. ಬಿಸಿಲು ಬಾರದಿದ್ದರೆ ಹಂಚಿನ ಮೇಲೆ ಬೆಚ್ಚಗೆ ಮಾಡಿ ಒಣಗಿಸುತ್ತಾರೆ. ಏನು ಮಾಡಿದರೂ ಮುಗ್ಗಲು ವಾಸನೆ ಪೂರ್ತಿ ಹೋಗುವುದಿಲ್ಲ. ಶೆಡ್ಡಿನವರು ಕೊಟ್ಟ ಹಸಿ ರಾಗಿಯೆಲ್ಲ ಹೀಗೆ ಒಣಗಿ, ಇದೇ ಮನೆಯ ಮುದ್ದೆಯಾಗುತ್ತದೆ.

ಮಧ್ಯಾಹ್ನ ನನಗೂ ತಟ್ಟೆ ಹಾಕುತ್ತಾರೆ. "ಕುಂತ್ಕಳ್ರಿ, ನಮ್ಮನೇಲಿ ಉಣ್ಣಾಕೆ ಧೈರ್ಯ ಬೇಕು" ಎನ್ನುತ್ತಾರೆ ಗಂಡ ಓಬಳೇಶಪ್ಪ. ಮುದ್ದೆ ಮುರಿದು ಮೂಗಿಗೆ ಹಿಡಿದು, "ಇದ್ಯಾರ ಸೂರು ಸೋರಿದ್ದೇ?" ಎಂದು ಹೆಂಡತಿಯನ್ನು ಕೆಣಕಿ, ಗುಳುಂ ಎನಿಸುತ್ತಾರೆ.

ನಿಮಗೇನಮ್ಮ ಆಸೆ ಎಂದು ನಾನು ಕೇಳಿದರೆ ಬರಗೇರಮ್ಮ ಸಾರು ಬಡಿಸುತ್ತಲೇ ಹೇಳುತ್ತಾರೆ:

"ನಮ್ಮನೆ ಮುದ್ದೆ ಮುಗ್ಗಲು ಹೊಡೀದಂಗೆ ಆಗ್ಲಿ, ಅಷ್ಟೇರಿ. ಅವತ್ತು ಅವ್ರಿಗೆಲ್ಲ ಸೋರದ ಮನೆ ಆತು ಅಂತ ತಿಳ್ಕಳ್ರಿ."